ಅಮ್ಮ ಒಡೆದ ಬೀಜ ಯಾವ ಊರಿನದು?

ಅಮ್ಮ ಕಾರ್ಕಳದ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ 22 ವರ್ಷ ದುಡಿದವರು. ಸಂಜೆ ಬಸ್ಸಿಳಿದು ಬರುವಾಗ ಬೆರಳೆಲ್ಲ ಕಪ್ಪು. ಗೇರೆಣ್ಣೆ ತಾಗಿ ಚರ್ಮ ಸುಲಿದಿರುತ್ತಿತ್ತು, ತೆಂಗಿನೆಣ್ಣೆ ಹಚ್ಚಿಕೊಂಡೇ ನಮಗೆ ಊಟ ಬಡಿಸುತ್ತಿದ್ದರು.

ಅವರ ಬಾಯಲ್ಲಿ ಬೀಜಕ್ಕೆ ಎರಡೇ ಹೆಸರು. ಊರ ಬೀಜ, ಆಫ್ರಿಕಾ ಬೀಜ. ಊರಿನದು ಮಾರ್ಚ್‌ನಿಂದ ಮೇ ತನಕ, ಮಳೆ ಬಿದ್ದರೆ ಮುಗಿಯಿತು. ಆಮೇಲೆ ಹಡಗಿನಲ್ಲಿ ಬಂದದ್ದೇ ಗತಿ. ಖಾಲಿ ಗೋಣಿ ಒಂದೆರಡು ಮನೆಗೂ ಬರುತ್ತಿತ್ತು. ಹಿಂದಿನ ಬಾಗಿಲಲ್ಲಿ ಕಾಲೊರಸಲು ಹಾಕಿದ್ದ ಒಂದರ ಮೇಲೆ ಹಸಿರು ಅಕ್ಷರದಲ್ಲಿ ಮೊಜಾಂಬಿಕ್ ಅಂತ ಇತ್ತು. ಅದನ್ನು ಓದಿಯೇ ನಾನು ಮೊದಲ ಸಲ ಭೂಪಟ ತೆರೆದದ್ದು.

ಆಫ್ರಿಕಾ ಅಂದರೆ ಒಂದು ದೇಶ ಅಲ್ಲ ಅಲ್ವಾ. ಐವರಿ ಕೋಸ್ಟ್, ಬೆನಿನ್ ಇರುವುದು ಪಶ್ಚಿಮ ಕರಾವಳಿಯಲ್ಲಿ, ಭೂಮಧ್ಯರೇಖೆಯ ಮೇಲ್ಗಡೆ. ಅಲ್ಲಿ ಕೊಯ್ಲು ಹೆಚ್ಚುಕಡಿಮೆ ನಮ್ಮ ಹೊತ್ತಿಗೇ. ಟಾಂಜಾನಿಯಾ, ಮೊಜಾಂಬಿಕ್ ಪೂರ್ವದಲ್ಲಿ, ರೇಖೆಯ ಕೆಳಗಡೆ. ಅಲ್ಲಿ ಬೀಜ ಬೀಳುವುದು ನಮ್ಮ ದೀಪಾವಳಿ ಹೊತ್ತಿಗೆ. ಫ್ಯಾಕ್ಟರಿ ವರ್ಷವಿಡೀ ನಡೆಯುವುದು ಹೀಗೆ.

ಐವರಿ ಕೋಸ್ಟ್‌ನಲ್ಲಿ ಗೇರು ಬೆಳೆಯುವುದು ಮುಖ್ಯವಾಗಿ ಉತ್ತರದಲ್ಲಿ. 2002ರಲ್ಲಿ ದೇಶ ಎರಡಾದಾಗ ಆ ಭಾಗ ಬಂಡುಕೋರರ ಕೈಯಲ್ಲಿತ್ತು. ಅದಕ್ಕೆ ತಾಗಿಕೊಂಡೇ ಬುರ್ಕಿನಾ ಫಾಸೊ, ಸಮುದ್ರವೇ ಇಲ್ಲದ ದೇಶ. 2022 ಒಂದೇ ವರ್ಷದಲ್ಲಿ ಅಲ್ಲಿ ಎರಡು ಸಲ ಸೈನಿಕ ದಂಗೆ. ಜಿಹಾದಿಗಳ ದಾಳಿ ಈಗ ಬೆನಿನ್‌ನ ಉತ್ತರಕ್ಕೂ ಇಳಿದಿದೆ.

ನನ್ನ ಮನಸ್ಸು ಮಾತ್ರ ಆ ಗೋಣಿಯ ದೇಶದಲ್ಲೇ ನಿಲ್ಲುತ್ತದೆ. ಗೇರುಗಿಡವನ್ನು ಬ್ರೆಜಿಲ್‌ನಿಂದ ನಮಗೂ ಅವರಿಗೂ ತಂದುಕೊಟ್ಟವರು ಪೋರ್ಚುಗೀಸರೇ. 1970ರ ದಶಕದ ಆರಂಭದಲ್ಲಿ ಗೇರು ಬೆಳೆಯುವುದರಲ್ಲಿ ಮೊಜಾಂಬಿಕ್ ಜಗತ್ತಿಗೇ ಮುಂದಿತ್ತು. 1975ರಲ್ಲಿ ಸ್ವಾತಂತ್ರ್ಯ ಬಂತು, ಎರಡೇ ವರ್ಷಕ್ಕೆ ಒಳಯುದ್ಧ, ಅದು ಮುಗಿದದ್ದು 1992ರಲ್ಲಿ. ತೋಟಗಳು ಹಾಳುಬಿದ್ದವು. ಸುಧಾರಿಸಿಕೊಳ್ಳುವಷ್ಟರಲ್ಲಿ ವಿಶ್ವಬ್ಯಾಂಕ್ ಒತ್ತಡಕ್ಕೆ ಹಸಿ ಬೀಜದ ರಫ್ತು ಸುಂಕ ಇಳಿಸಬೇಕಾಯಿತು. ಬೀಜವೆಲ್ಲ ಹಡಗು ಹತ್ತಿ ಭಾರತಕ್ಕೆ ಬಂತು, ಅಲ್ಲಿನ ಫ್ಯಾಕ್ಟರಿಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಹೆಂಗಸರೂ ಇದ್ದರು, ಅಮ್ಮನಂಥವರು. ಅಮ್ಮ ಕೆಲಸಕ್ಕೆ ಸೇರಿದ್ದು ಅದೇ ವರ್ಷಗಳಲ್ಲಿ. ನನ್ನ ಸ್ಕೂಲ್ ಫೀಸ್ ಬಂದದ್ದು ಆ ಬೀಜದಿಂದಲೇ. ಇದು ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗಿನ ಗಲಾಟೆ ದೇಶದ ಉತ್ತರದ ತುದಿಯಲ್ಲಿ, ಕಾಬೊ ಡೆಲ್ಗಾಡೊ ಎಂಬ ಪ್ರಾಂತ್ಯದಲ್ಲಿ. ರಾಜಧಾನಿ ಮಪುಟೊ ಇರುವುದು ದಕ್ಷಿಣದ ತುದಿಯಲ್ಲಿ. ಅಷ್ಟು ದೂರದ ಸರಕಾರಕ್ಕೆ ಈ ಮೂಲೆಯ ಬಡತನ ಎಂದೂ ಸರಿಯಾಗಿ ಕಾಣಲೇ ಇಲ್ಲ ಅನ್ನಿಸುತ್ತದೆ ನನಗೆ. ಕಡಲಿನಡಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತು, ಅದಕ್ಕಾಗಿ ಜನರನ್ನು ಎಬ್ಬಿಸಿದರು, ಹುಡುಗರಿಗೆ ಕೆಲಸ ಸಿಗಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಮೊಸಿಂಬೊವಾ ದ ಪ್ರಾಯಾ ಪಟ್ಟಣದ ಮೇಲೆ ಜಿಹಾದಿಗಳ ಮೊದಲ ದಾಳಿ. 2021ರ ಮಾರ್ಚ್‌ನಲ್ಲಿ ಪಾಲ್ಮಾ. ಗ್ಯಾಸ್ ಕಂಪನಿ ಕೆಲಸ ನಿಲ್ಲಿಸಿತು, ರುವಾಂಡಾದ ಸೈನ್ಯ ಬಂತು. ಲಕ್ಷಾಂತರ ಜನ ಮನೆ ಬಿಟ್ಟರು. ಎಷ್ಟೋ ಮಂದಿ ಓಡಿದ್ದು ಪಕ್ಕದ ನಂಪುಲಾಕ್ಕೆ, ಗೇರು ಜಾಸ್ತಿ ಬೆಳೆಯುವುದೂ ಅಲ್ಲೇ. 2022ರಲ್ಲಿ ಅಲ್ಲಿಗೂ ದಾಳಿ ತಲುಪಿತು.

ಮೊನ್ನೆ ಅಮ್ಮನಿಗೆ ಮೊಬೈಲ್‌ನಲ್ಲಿ ನಂಪುಲಾದ ಒಂದು ಫೋಟೋ ತೋರಿಸಿದೆ. ಗೇರುಮರದ ಅಡಿಯಲ್ಲಿ ಕೂತ ಹೆಂಗಸು, ಮಡಿಲಲ್ಲಿ ಬೀಜ. ಅಮ್ಮ ಫೋಟೋ ದೊಡ್ಡದು ಮಾಡಿ ಅವಳ ಕೈಬೆರಳನ್ನೇ ತುಂಬ ಹೊತ್ತು ನೋಡಿದರು.