ಬಿಸಿನೀರಿಗೆ ಅಡ್ಡ ಬಂದ ಜೇಡ

ಅಮೆರಿಕದ ಯೂಟಾದಲ್ಲಿರುವ ಬ್ರೈಸ್ ಕ್ಯಾನ್ಯನ್ ಪಾರ್ಕಿನೊಳಗಿನ ಕ್ಯಾಂಪ್‌ಗ್ರೌಂಡ್‌ನಲ್ಲಿ ಆರ್‌ವಿಗೆ, ಅಂದರೆ ಅಡುಗೆ, ಸ್ನಾನ, ನಿದ್ದೆ ಎಲ್ಲ ಒಳಗೇ ಆಗುವ ಮನೆಯಂಥ ಗಾಡಿಗೆ, ಕರೆಂಟ್ ಕನೆಕ್ಷನ್ ಸಿಗುವುದಿಲ್ಲ. ಸುಮಾರು 8,000 ಅಡಿ ಎತ್ತರದ ಜಾಗ, ಮೇ ತಿಂಗಳಲ್ಲೂ ಬೆಳಿಗ್ಗೆ ಕೈ ಮರಗಟ್ಟುತ್ತದೆ. ಬಿಸಿನೀರಿಗೆ ಗ್ಯಾಸ್ ಒಂದೇ ಗತಿ. ಮೈಸೂರಿಂದ ಬಂದಿದ್ದ ಅತ್ತೆಗೆ ಸ್ನಾನ ಆಗದೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಅಂಥ ಬೆಳಿಗ್ಗೆಯೇ ನಮ್ಮ ಆರ್‌ವಿಯ ನೀರಿನ ಹೀಟರ್ ಕೈಕೊಟ್ಟಿತು.

ಸ್ವಿಚ್ ಹಾಕಿದರೆ ಟಿಕ್ ಟಿಕ್ ಅಂತ ಸ್ಪಾರ್ಕ್, ಭುಸ್ ಅಂತ ಒಂದು ಕ್ಷಣ ಬೆಂಕಿ, ಆಮೇಲೆ ಎಲ್ಲ ಆರಿ ಕೆಂಪು ದೀಪ.

"ಹೀಟರಿನ ಕಂಟ್ರೋಲ್ ಬೋರ್ಡ್ ಹೋಗಿರ್ಬೇಕು ಕಣೇ, ಹೊಸದು ತರಿಸೋಣ" ಅಂದರು ನಮ್ಮನೆಯವರು.

"ಸ್ವಲ್ಪ ಇರಿ" ಅಂದೆ. ಒಲೆ ಚೆನ್ನಾಗಿ ಉರಿಯುತ್ತಿದೆ, ಅಂದರೆ ಸಿಲಿಂಡರ್, ರೆಗ್ಯುಲೇಟರ್ ಸರಿ ಇವೆ. ಸ್ಪಾರ್ಕ್ ಬರುತ್ತಿದೆ, ಬ್ಯಾಟರಿಯೂ ಸರಿ. ಬೆಂಕಿ ಹೊತ್ತುತ್ತಿದೆ, ಆದರೆ ನಿಲ್ಲುತ್ತಿಲ್ಲ ಅಲ್ವಾ? ನಮ್ಮ ಹೀಟರಿನಲ್ಲಿ ಸ್ಪಾರ್ಕ್ ಕೊಡುವ ಪಿನ್ನೇ ಬೆಂಕಿ ಹತ್ತಿತೋ ಇಲ್ಲವೋ ಅಂತಲೂ ನೋಡುತ್ತದೆ. ಬೆಂಕಿಯ ಮೂಲಕ ಹರಿಯುವ ಒಂದು ಚೂರು ಕರೆಂಟ್ ಬೋರ್ಡಿಗೆ ತಲುಪದಿದ್ದರೆ ಕೆಲವೇ ಸೆಕೆಂಡಿನಲ್ಲಿ ಗ್ಯಾಸ್ ಬಂದ್.

ಹೊರಗಡೆಯ ಮುಚ್ಚಳ ತೆಗೆದು, ಪಕ್ಕಕ್ಕೆ ನಿಂತು, ಅವರಿಗೆ ಸ್ವಿಚ್ ಹಾಕಲು ಹೇಳಿದೆ. ಬೆಂಕಿ ಹಳದಿ ಬಣ್ಣಕ್ಕಿತ್ತು. ಪಿನ್ನಿನ ಕಡೆ ಹೋಗದೆ ಕೊಳವೆಯ ಬಾಯಲ್ಲೇ ಹೊಯ್ದಾಡುತ್ತಿತ್ತು. ಹಳದಿ ಅಂದರೆ ಗ್ಯಾಸಿಗೆ ಗಾಳಿ ಸಾಕಾಗುತ್ತಿಲ್ಲ.

ಸಿಲಿಂಡರ್ ಬಂದ್ ಮಾಡಿ, ಆರಿದ ಮೇಲೆ ಬರ್ನರ್ ಕೊಳವೆ ಬಿಚ್ಚಿ ಮೊಬೈಲ್ ಟಾರ್ಚ್ ಹಿಡಿದೆ. ಒಳಗೆ ಹೂಬತ್ತಿಯ ಹಾಗೆ ಬೆಳ್ಳಗೆ ಒತ್ತೊತ್ತಾಗಿ ಜೇಡರ ಬಲೆ! ಚಳಿಗಾಲವಿಡೀ ಗಾಡಿ ನಿಂತಿದ್ದಾಗ ಜೇಡ ಅಲ್ಲೇ ಸಂಸಾರ ಹೂಡಿತ್ತು. ಬಾಟಲಿ ತೊಳೆಯುವ ಬ್ರಷ್ ತೂರಿಸಿ ಪೂರ್ತಿ ಎಳೆದು ತೆಗೆದೆ. ಗ್ಯಾಸ್ ಬರುವ ಸಣ್ಣ ತೂತಿಗೆ ಮಾತ್ರ ತಂತಿ ಹಾಕಲಿಲ್ಲ, ಅದು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಜಾಸ್ತಿ ನುಗ್ಗುತ್ತದೆ. ಎಲ್ಲ ಜೋಡಿಸಿ, ಜಾಯಿಂಟಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತಾ ಅಂತ ನೋಡಿ, ಸ್ವಿಚ್ ಹಾಕಿದೆವು. ನೀಲಿ ಬೆಂಕಿ, ಗಟ್ಟಿ ಸದ್ದು. ಅರ್ಧ ಗಂಟೆಯಲ್ಲಿ 6 ಗ್ಯಾಲನ್ ನೀರು ಕಾಯಿತು, ಅಂದರೆ ಸುಮಾರು 23 ಲೀಟರ್.

ಅತ್ತೆಗೂ ಇದನ್ನೆಲ್ಲ ವಿವರಿಸಿದೆ. ಆರ್‌ವಿಯ ಹೊಗೆ ಹೊರಗೇ ಹೋಗುತ್ತದೆ. ನಮ್ಮೂರ ಕಡೆ ಗ್ಯಾಸ್ ಗೀಸರನ್ನು ಬಚ್ಚಲಮನೆಯೊಳಗೇ ಹಾಕಿ ಕಿಟಕಿ ಮುಚ್ಚುತ್ತಾರೆ. ಗಾಳಿ ಸಾಲದೆ ಬೆಂಕಿ ಹಳದಿಯಾಗಿ ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜೀವವೇ ಹೋಗುತ್ತದೆ.

ಸಿಗ್ನಲ್ ಸಿಕ್ಕ ಕೂಡಲೇ ಅತ್ತೆ ಮೈಸೂರಿಗೆ ಫೋನ್ ಹಚ್ಚಿದರು. "ರೀ, ನಮ್ಮ ಗೀಸರ್ ಬೆಂಕಿ ಯಾವ ಬಣ್ಣ ಇದೆ ಸ್ವಲ್ಪ ನೋಡಿ. ಹಾಗೇ ಆ ಬಚ್ಚಲ ಕಿಟಕಿ ತೆಗೆದಿಡಿ."