ರಕ್ತ ತೆಗೆದವರು ಯಾರು ಅಂತ ಕೇಳಿದ್ದೀರಾ?

ಲ್ಯಾಬ್ ರಿಪೋರ್ಟ್ ಕೈಗೆ ಬಂದರೆ ಎಲ್ಲರೂ ನೋಡೋದು ಎರಡೇ, ದಪ್ಪ ಅಕ್ಷರದಲ್ಲಿರುವ ನಂಬರು, ಕೆಳಗಿರುವ ಡಾಕ್ಟರ್ ಸಹಿ. ರಕ್ತ ತೆಗೆದವರು ಏನು ಓದಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಲ್ಯಾಬಿನಲ್ಲೇ ದುಡಿಯುವ ನನಗೆ ಇದು ವಿಚಿತ್ರ ಅನಿಸುತ್ತದೆ, ಯಾಕಂದ್ರೆ ತಪ್ಪುಗಳು ಜಾಸ್ತಿ ಆಗೋದು ಮಷಿನ್ ಒಳಗಲ್ಲ, ಸ್ಯಾಂಪಲ್ ಅಲ್ಲಿಗೆ ಹೋಗುವ ಮೊದಲೇ.

ನೇರಳೆ ಮುಚ್ಚಳದ ಟ್ಯೂಬ್ ನೋಡಿರುತ್ತೀರಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಅದರಲ್ಲಿ ಇಡಿಟಿಎ ಇರುತ್ತದೆ, ಸಾಮಾನ್ಯವಾಗಿ ಪೊಟ್ಯಾಸಿಯಂ ಸೇರಿದ್ದು. ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲಲಿಲ್ಲ ಅಂತ ಹೊಸ ಹುಡುಗ ಇದರಿಂದಲೇ ಸ್ವಲ್ಪ ಸುರಿದ ಅಂದುಕೊಳ್ಳಿ. ಪೊಟ್ಯಾಸಿಯಂ ಹೃದಯವೇ ನಿಲ್ಲುವಷ್ಟು ಏರಿದೆ, ಕ್ಯಾಲ್ಸಿಯಂ ಪಾತಾಳಕ್ಕಿಳಿದಿದೆ ಅಂತ ರಿಪೋರ್ಟ್ ಬರುತ್ತದೆ. ಪೇಷಂಟ್ ಮಾತ್ರ ಆರಾಮಾಗಿ ಕಾಫಿ ಕುಡಿಯುತ್ತಾ ಕೂತಿರುತ್ತಾರೆ. ತೋಳಿಗೆ ಕಟ್ಟಿದ ಪಟ್ಟಿಯನ್ನು ಹಾಗೇ ಬಿಟ್ಟು, ‘ಮುಷ್ಟಿ ಬಿಗಿ ಮಾಡಿ, ಬಿಡಿ, ಬಿಗಿ ಮಾಡಿ’ ಅಂತ ಹೇಳ್ತಾ ಹೋದರೂ ಪೊಟ್ಯಾಸಿಯಂ ಏರುತ್ತದೆ. ಇದನ್ನೆಲ್ಲ ಪುಸ್ತಕದಲ್ಲಿ ಓದಿದರೆ ಸಾಲದು, ಪಕ್ಕದಲ್ಲಿ ನಿಂತು ಯಾರಾದರೂ ಗದರಿಸಬೇಕು.

ನರ್ಸುಗಳಿಗೆ 1947ರಲ್ಲೇ ಕಾಯ್ದೆ ಬಂತು, ಫಾರ್ಮಸಿಯವರಿಗೆ 1948ರಲ್ಲಿ. ನಮಗೆ, ಫಿಸಿಯೋಥೆರಪಿಯವರಿಗೆ, ಎಕ್ಸ್‌ರೇ, ಡಯಾಲಿಸಿಸ್ ಟೆಕ್ನೀಷಿಯನ್‌ಗಳಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಅಂತ ಬಂದದ್ದು 2021ರಲ್ಲಿ. ಅದರಲ್ಲಿ ಇಂಥ ವೃತ್ತಿಗಳ ಹತ್ತು ಗುಂಪುಗಳಿವೆ, ಮೊದಲನೆಯದೇ ಲ್ಯಾಬ್‌ನವರದು (ಒಂದು ಕಡೆಯಾದರೂ ನಾವು ಮೊದಲು!). ಅಲೈಡ್ ಹೆಲ್ತ್ ಪ್ರೊಫೆಷನಲ್ (ಟೆಕ್ನೀಷಿಯನ್‌ನಂಥವರು) ಅನ್ನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಓದು, ಹೆಲ್ತ್‌ಕೇರ್ ಪ್ರೊಫೆಷನಲ್ (ಫಿಸಿಯೋಥೆರಪಿಸ್ಟ್‌ನಂಥವರು) ಆಗಲು 3,600 ಗಂಟೆ. ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಕೆಲಸ ಮಾಡುವಂತಿಲ್ಲ. ಕಾಯ್ದೆಯೇನೋ ಬಂತು, ಆದರೆ ಹೆಸರು ರಿಜಿಸ್ಟರ್ ಮಾಡಬೇಕಾದ ಕೌನ್ಸಿಲನ್ನು ಹಲವು ರಾಜ್ಯಗಳು ಮಾಡಲಿಲ್ಲ. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಡಬೇಕಾಯಿತು.

ನನ್ನ ತಕರಾರು ಇರುವುದು ಆ ಗಂಟೆಗಳ ಬಗ್ಗೆ. ಗಂಟೆ ಎಲ್ಲಿ ಕಳೆದದ್ದು? ಸ್ವಂತ ಆಸ್ಪತ್ರೆ ಇಲ್ಲದ ಕಾಲೇಜಿನಿಂದ ಬಂದ ಹುಡುಗಿಯೊಬ್ಬಳ ಲಾಗ್‌ಬುಕ್ ನೋಡಿದೆ. ಪುಟ ಪುಟಕ್ಕೂ ಸಹಿ, ಸೀಲು, ಎಲ್ಲ ಒಂದೇ ಪೆನ್ನಿನಲ್ಲಿ ಒಂದೇ ದಿನ ಬರೆದಂತೆ. ಪಾಪ, ಅವಳಿಗೆ ಸಿರಿಂಜ್ ಹಿಡಿಯಲು ಕೈ ನಡುಗುತ್ತಿತ್ತು. ಅವಳ ತಪ್ಪೇನಿಲ್ಲ, ಫೀಸು ಕಟ್ಟಿದ್ದಾಳೆ, ಪಾಸಾಗಿದ್ದಾಳೆ. ಹೀಗಿರುವಾಗ ಸುಮ್ನೆ ಸರ್ಟಿಫಿಕೇಟ್ ನೋಡಿ ರಿಜಿಸ್ಟರಿಗೆ ಹೆಸರು ಸೇರಿಸಿದರೆ ಏನು ಬಂತು?

ಬ್ರಿಟನ್‌ನಲ್ಲಿ ಇಂಥ ವೃತ್ತಿಯವರ ರಿಜಿಸ್ಟರ್ ಇಡುವ ಎಚ್‌ಸಿಪಿಸಿ ಅಂತ ಒಂದು ಸಂಸ್ಥೆ ಇದೆ. ನಮ್ಮ ಕಡೆಯಿಂದ ಬಯೋಮೆಡಿಕಲ್ ಸೈಂಟಿಸ್ಟ್ (ಲ್ಯಾಬ್‌ನವರಿಗೆ ಅಲ್ಲಿನ ಹೆಸರು) ಆಗಿ ಹೋಗುವವರು ಮೊದಲು ಅಲ್ಲಿ ಹೆಸರು ಬರೆಸಬೇಕು. ಎರಡು ವರ್ಷಕ್ಕೊಮ್ಮೆ ನವೀಕರಣ, ಆಗ ಹೊಸದಾಗಿ ಏನು ಕಲಿತಿರಿ ಅಂತ ಕೆಲವರನ್ನು ಆರಿಸಿ ಲೆಕ್ಕ ಕೇಳುತ್ತಾರೆ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಹುಡುಕಿ ನೋಡಬಹುದು. ಅಲ್ಲಿನದೆಲ್ಲ ಚಿನ್ನ ಅಂತ ನಾನು ಹೇಳಲ್ಲ, ಆದರೆ ಇವೆರಡನ್ನು ಇಲ್ಲೂ ಮಾಡಬಹುದು ಅಲ್ವಾ?

ಮಗನನ್ನೋ ಮಗಳನ್ನೋ ಎಂಎಲ್‌ಟಿಗೆ, ಅಂದ್ರೆ ಲ್ಯಾಬ್ ಟೆಕ್ನಾಲಜಿ ಕೋರ್ಸಿಗೆ ಸೇರಿಸುವ ಯೋಚನೆ ಇದ್ದರೆ ಕಟ್ಟಡ ನೋಡಿ ಮರುಳಾಗಬೇಡಿ. ಟ್ರೈನಿಂಗ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿಗೆ ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತದೆ, ಒಬ್ಬ ಸೀನಿಯರ್ ಕೈಕೆಳಗೆ ಎಷ್ಟು ಜನ ಕಲಿಯುತ್ತಾರೆ, ಇಷ್ಟು ಕೇಳಿ. ಉತ್ತರ ಹೇಳಲು ತಡವರಿಸಿದರೆ ಮುಂದಿನ ಕಾಲೇಜಿಗೆ ಹೋಗಿ.