ಬರೆಯುವುದು ಗಕಾರ, ಓದುವುದು ಜಕಾರ

ಡಬ್ಲಿನ್ನಿಗೆ ಬಂದ ಹೊಸತರಲ್ಲಿ, ನಗರದ ಪಶ್ಚಿಮ ಭಾಗದ ಕಿಲ್ಮೇನ್‌ಹ್ಯಾಮ್ ಕಡೆಗೆ ದಾರಿ ತೋರಿಸುವ ಫಲಕವೊಂದನ್ನು ನಾನು ತಪ್ಪಾಗಿ ಓದಿಕೊಂಡಿದ್ದೆ. ಮೇಲೆ ಐರಿಷ್ ಭಾಷೆಯ ಹೆಸರು, ಅದರ ಕೆಳಗೆ ಇಂಗ್ಲಿಷ್ ಹೆಸರು. ಆ ಹೆಸರಿನ ಕೊನೆಯ ಪದದಲ್ಲಿ ಜಿ, ಎ, ಒ, ಎಲ್ ಎಂಬ ನಾಲ್ಕು ಅಕ್ಷರಗಳು. ನಾನು ಅದನ್ನು ಗೋಲ್ ಎಂದು ಓದಿ, ಅಲ್ಲೊಂದು ಆಟದ ಮೈದಾನವಿರಬೇಕೆಂದು ಭಾವಿಸಿದೆ. ಅದು ಸೆರೆಮನೆಯೆಂದೂ, ಬರೆಯುವುದು ಹೇಗೇ ಇರಲಿ, ಉಚ್ಚಾರ ಮಾತ್ರ ನಮ್ಮೂರಿನಲ್ಲಿ ಹೇಳುವ ಜೈಲೇ ಎಂದೂ ಸಹೋದ್ಯೋಗಿಯೊಬ್ಬರು ತಿಳಿಸಿದರು. ಬಾಯಿಗೆ ಇಷ್ಟು ಪರಿಚಿತವಾದ ಪದ ಕಣ್ಣಿಗೆ ಇಷ್ಟು ಅಪರಿಚಿತವಾದದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನ ಜೊತೆಗೇ ಉಳಿಯಿತು.

ಇದರ ಮೂಲ ಪಂಜರ, ಗೂಡು ಎಂಬ ಅರ್ಥದ ಲ್ಯಾಟಿನ್ ಪದ ಕಾವಿಯಾ. ಇಂಗ್ಲಿಷಿನ ಕೇಜ್ ಕೂಡ ಅದರ ಸಂತಾನವೇ. ಪುಟ್ಟ ಪಂಜರ ಎಂಬರ್ಥದ ಅದರ ಇನ್ನೊಂದು ರೂಪ ಫ್ರಾನ್ಸಿನಲ್ಲಿ ಎರಡು ಬಗೆಯಾಗಿ ಬೆಳೆಯಿತು: ಉತ್ತರದ ನಾರ್ಮಂಡಿ ಕಡೆಯವರು ಮೊದಲ ಧ್ವನಿಯನ್ನು ಗಕಾರವಾಗಿ ಉಳಿಸಿಕೊಂಡರು, ಪ್ಯಾರಿಸ್ ಸುತ್ತಿನವರ ನಾಲಿಗೆಯಲ್ಲಿ ಅದು ಜಕಾರವಾಯಿತು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರೊಂದಿಗೆ ಗಕಾರದ ರೂಪ ಕಡಲು ದಾಟಿ ಆಡಳಿತದ ಕಡತಗಳನ್ನು ಸೇರಿತು. ಪ್ಯಾರಿಸ್ಸಿನ ಜಕಾರ ಬಳಿಕ ಬಂದು ಜನರ ಮಾತನ್ನು ಸೇರಿತು. ಕೊನೆಗೆ ಗೆದ್ದದ್ದು ಜಕಾರದ ಉಚ್ಚಾರವೇ ಆದರೂ, ಕಾಯಿದೆಯ ಭಾಷೆ ತನ್ನ ಹಳೆಯ ಗಕಾರವನ್ನು ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಬರವಣಿಗೆಯೂ ಮಾತಿನ ಹಿಂದೆಯೇ ಬದಲಾಯಿತು. ಹಾಗಾಗದೆ, ಇಂದಿಗೂ ಅಂಗಡಿಯ ಫಲಕದ ಮೇಲೆ ‘ಪಾಲು’ ಎಂದು ಬರೆದು ಎಲ್ಲರೂ ‘ಹಾಲು’ ಎಂದೇ ಓದುತ್ತಿದ್ದರೆ ಹೇಗಿರುತ್ತಿತ್ತೋ, ಈ ನಾಲ್ಕಕ್ಷರದ ಪದದ ಸ್ಥಿತಿ ಹಾಗಿದೆ.

ಇದನ್ನು ಗೋಲ್ ಎಂದುಕೊಳ್ಳುವ ಗೊಂದಲವೂ ಹೊಸದಲ್ಲ. 1755ರ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಈ ಪದವನ್ನು ಯಾವಾಗಲೂ ಜೈಲ್ ಎಂದೇ ಉಚ್ಚರಿಸುತ್ತಾರೆಂದು ಗುರುತಿಸಿ, ಹಾಗೆಯೇ ಬರೆಯುವವರೂ ಅತಿಯಾಗಿದ್ದಾರೆಂದು ಆಕ್ಷೇಪಿಸಿ, ಕೆಲವರು ಒ ಅಕ್ಷರವನ್ನು ಎ ಅಕ್ಷರಕ್ಕಿಂತ ಮೊದಲು ತಂದು ಗೋಲ್ ಎಂದೂ ಬರೆದುಬಿಡುತ್ತಾರೆ ಎಂದು ಸೇರಿಸಿದ್ದಾರೆ. ಅವರ ಆಕ್ಷೇಪವನ್ನು ಕಾಲ ಒಪ್ಪಲಿಲ್ಲ. ಅಮೆರಿಕದಲ್ಲಿ ಜಕಾರದ ರೂಪವೇ ನಿಂತಿತು; ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಹಳೆಯ ರೂಪ ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ನಡೆದು, ನಿಧಾನವಾಗಿ ಹಿಂದೆ ಸರಿಯಿತು.

ನ್ಯಾಯಾಲಯದ ಹಳೆಯ ಭಾಷೆಯಲ್ಲಿ ಈ ಪದಕ್ಕೆ ‘ಡೆಲಿವರಿ’ ಸೇರಿದಾಗ ಅದು ಕೈದಿಗಳ ಬಿಡುಗಡೆಯೆಂದು ತೋರಬಹುದು. ಅದರ ಅರ್ಥ ಬೇರೆ. ಊರೂರಿಗೆ ಸಂಚರಿಸುವ ನ್ಯಾಯಾಧೀಶರು ಬಂದಾಗ, ವಿಚಾರಣೆಗಾಗಿ ಒಳಗೆ ಕಾಯುತ್ತಿದ್ದವರೆಲ್ಲರ ಮೊಕದ್ದಮೆಯನ್ನು ಮುಗಿಸಿ ಸೆರೆಮನೆಯನ್ನು ಖಾಲಿ ಮಾಡುವ ಅಧಿಕಾರವದು. ಕೆಲವರು ಮನೆಗೆ ಹೋದರೆ ಕೆಲವರು ನೇಣಿಗೆ ಹೋಗುತ್ತಿದ್ದರು. ಇದೇ ಪದಕ್ಕೆ ‘ಫೀವರ್’ ಸೇರಿದರೆ ಕಿಕ್ಕಿರಿದ ಕೋಣೆಗಳಲ್ಲಿ ಹೇನುಗಳಿಂದ ಹರಡುತ್ತಿದ್ದ ಟೈಫಸ್ ಜ್ವರ. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಅದು ಕೈದಿಗಳಿಂದ ಹೊರಗೆ ಹಬ್ಬಿ, ನ್ಯಾಯಾಧೀಶರೂ ನಗರದ ಲಾರ್ಡ್ ಮೇಯರರೂ ಸೇರಿದಂತೆ ಅನೇಕರನ್ನು ಬಲಿ ತೆಗೆದುಕೊಂಡಿತ್ತು.

ಇಲ್ಲಿ ನೆಲೆಸಿದ ಮೇಲೆ ನನಗೆ ನಿಧಾನವಾಗಿ ಕಂಡ ಇನ್ನೊಂದು ಸಂಗತಿಯಿದೆ. 1850ರಿಂದ ಇಂದಿಗೂ ಕೈದಿಗಳಿರುವ ಡಬ್ಲಿನ್ನಿನ ಮೌಂಟ್‌ಜಾಯ್‌ಗೆ ಪ್ರಿಸನ್ ಎಂದೇ ಹೆಸರು. ಗಕಾರದ ಹಳೆಯ ಸ್ಪೆಲ್ಲಿಂಗ್ ಉಳಿದಿರುವುದು ಕಿಲ್ಮೇನ್‌ಹ್ಯಾಮ್, ಕಾರ್ಕ್, ವಿಕ್ಲೋಗಳಂತೆ ಕೈದಿಗಳು ಹೋಗಿ ಪ್ರವಾಸಿಗರು ಬರುವ ಕಟ್ಟಡಗಳ ಮೇಲೆ. ಮೆಲ್ಬರ್ನಿನಲ್ಲಿಯೂ ಹಾಗೆಯೇ: 1880ರಲ್ಲಿ ಆಸ್ಟ್ರೇಲಿಯಾದ ಹೆಸರಾಂತ ದರೋಡೆಕೋರ ನೆಡ್ ಕೆಲ್ಲಿಯನ್ನು ಗಲ್ಲಿಗೇರಿಸಿದ ಸೆರೆಮನೆ ಇಂದು ಅದೇ ನಾಲ್ಕಕ್ಷರಗಳ ವಸ್ತುಸಂಗ್ರಹಾಲಯ. ಕಿಲ್ಮೇನ್‌ಹ್ಯಾಮ್ 1796ರಲ್ಲಿ ತೆರೆದು 1924ರಲ್ಲಿ ಮುಚ್ಚಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರಿಷರು ಎದ್ದ 1916ರ ದಂಗೆಯ ಹದಿನಾಲ್ವರು ನಾಯಕರನ್ನು ಗುಂಡಿಕ್ಕಿ ಕೊಂದ ಕಲ್ಲು ಒಡೆಯುವ ಅಂಗಳದಲ್ಲಿ ನಿಂತಾಗ, ಹೊರಗಿನ ಫಲಕದ ಕಾಗುಣಿತವನ್ನು ಯಾರೂ ಸರಳಗೊಳಿಸದಿರಲಿ ಎಂದು ನನಗೆ ಬಲವಾಗಿ ಅನಿಸಿತು. ಆ ಜನರನ್ನು ಬಂಧಿಸಿದ ಆಡಳಿತ ತನ್ನ ದಾಖಲೆಗಳಲ್ಲಿ ಬರೆದುಕೊಂಡ ಅಕ್ಷರಗಳೂ ಆ ಗೋಡೆಗಳಷ್ಟೇ ಸಾಕ್ಷಿ.

ಆದರೆ ಇಂದು ನಾವು ಇಂಗ್ಲಿಷಿನಲ್ಲಿ ಪತ್ರವನ್ನೋ ವರದಿಯನ್ನೋ ಬರೆಯುವಾಗ ಈ ರೂಪವನ್ನು ಬಳಸಬೇಕಾಗಿಲ್ಲ. ಸ್ಥಳದ ಹೆಸರಿನಲ್ಲಿದ್ದರೆ ಮಾತ್ರ ಇದ್ದಂತೆಯೇ ಇಡಬೇಕು. ಕನ್ನಡದಲ್ಲಿ ಬರೆಯುವಾಗ ಧ್ವನಿಯನ್ನೇ ಹಿಡಿದು ಜೈಲು ಎನ್ನಬೇಕು, ಗೋಲ್ ಎಂದಲ್ಲ. ಊರಿನಿಂದ ಬರುವ ಬಂಧುಗಳಿಗೂ ನಾನು ಹೇಳುವುದಿಷ್ಟೇ: ಕಿಲ್ಮೇನ್‌ಹ್ಯಾಮಿಗೆ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸುವುದು ಒಳ್ಳೆಯದು, ಕಾಯ್ದಿರಿಸುವಾಗ ಆ ನಾಲ್ಕು ಅಕ್ಷರಗಳನ್ನು ಹಳೆಯ ಕ್ರಮದಲ್ಲೇ ಒತ್ತಿ; ಬಸ್ಸು ಹತ್ತಿ ಚಾಲಕರನ್ನು ಕೇಳುವಾಗ ಜೈಲ್ ಎನ್ನಿ.